ಜಾತ್ರೆಯ ಬಂಡಿಯಲ್ಲಿ ಎಷ್ಟು ಪಾತ್ರೆ?

ಮಾಘ ಮಾಸ ಸಮೀಪಿಸುತ್ತಿದ್ದಂತೆ ನಮ್ಮ ರಾಣೆಬೆನ್ನೂರು ಸೀಮೆಯ ಹಳ್ಳಿಗಳಲ್ಲಿ ಎರಡು ಊರುಗಳ ಹೆಸರು ಎಲ್ಲರ ಬಾಯಲ್ಲಿ ಆಡತೊಡಗುತ್ತದೆ. ಭಾರತ ಹುಣ್ಣಿಮೆಯ ಹೊತ್ತಿಗೆ ತುಂಗಭದ್ರೆಯ ಆಚೆಯ ದಡದ ಮೈಲಾರದಲ್ಲಿ ಕಾರಣಿಕೋತ್ಸವ. ಅದಾದ ಮೇಲೆ ಮಾಘ ಬಹುಳದಲ್ಲಿ ಕೊಟ್ಟೂರಿನ ಶ್ರೀ ಗುರುಬಸವೇಶ್ವರರ ರಥೋತ್ಸವ. ಒಂದಕ್ಕೆ ಚಕ್ಕಡಿ ಹೂಡಿಕೊಂಡು ಹೋಗುವವರು, ಇನ್ನೊಂದಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಇಂದಿಗೂ ಇದ್ದಾರೆ. ಆದರೆ ಬಹುಮಂದಿಗೆ ಬಂಡಿಯ ಜಾಗದಲ್ಲಿ ಟ್ರ್ಯಾಕ್ಟರೂ, ಬುತ್ತಿಗಂಟಿನ ಜಾಗದಲ್ಲಿ ಗ್ಯಾಸ್ ಸಿಲಿಂಡರೂ ಬಂದು ಬಹಳ ಕಾಲವಾಯಿತು. ಹೀಗಿರುವಲ್ಲಿ ಕೆಲವು ತರುಣರ ಮನಸ್ಸಿನಲ್ಲಿ ಈಚೆಗೆ ಒಂದು ಆಸೆ ಮೊಳೆತಿದೆ. ಕೊಲ್ಲಾರಿ ಕಟ್ಟಿದ ಬಂಡಿಯಲ್ಲಿಯೇ ಹೋಗಬೇಕು, ಹೊಲದಲ್ಲಿ ಇಳಿದುಕೊಳ್ಳಬೇಕು, ಮೂರು ಕಲ್ಲು ಹೂಡಿ ಅಡುಗೆ ಮಾಡಬೇಕು, ಹಿರಿಯರು ಉಂಡಂತೆ ಉಣ್ಣಬೇಕು ಎಂಬುದೇ ಆ ಆಸೆ.

ಅಂತಹ ಒಂದು ತರುಣರ ತಂಡವು ತಾವು ಕೊಳ್ಳಬೇಕೆಂದಿರುವ ಪಾತ್ರೆಗಳ ಪಟ್ಟಿಯೊಂದನ್ನು ನನಗೆ ತೋರಿಸಿತು. ಹಿತ್ತಾಳೆಯ ಹಂಡೆ ಎರಡು, ತಾಮ್ರದ ಲೋಟ ಇಪ್ಪತ್ತು, ಅಡಕೆ ಹಾಳೆಯ ತಟ್ಟೆ ನೂರು, ಮಣ್ಣಿನ ಕುಕ್ಕರ್ ಒಂದು ಎಂದು ಅದರಲ್ಲಿ ಬರೆದಿತ್ತು. “ಯಾವ ಕಾಲದವರಂತೆ ಹೋಗಬೇಕೆಂದಿದ್ದೀರಿ, ತಮ್ಮಾ?” ಎಂದು ಕೇಳಿದೆ. “ಹಳೇ ಕಾಲದವರ ಹಂಗ ರೀ, ಅಜ್ಜಾರ” ಎಂಬ ಉತ್ತರ ಬಂತು. ಹಳೆಯ ಕಾಲವೆಂಬುದು ಒಂದೇ ಕಾಲವಲ್ಲ. ಮೊಮ್ಮಗನಿಗೆ ೧೯೫೦ ಹಳೆಯದು. ಶಾಸನ ಓದುವವನಿಗೆ ೧೧೫೦ ಹಳೆಯದು. ಇವೆರಡರ ನಡುವೆ ಎಂಟುನೂರು ವರ್ಷಗಳಿವೆ. ಆ ಎಂಟುನೂರು ವರ್ಷಗಳಲ್ಲಿ ಅಡುಗೆಮನೆಯ ಒಲೆಯ ಮೇಲಿನದೂ ಬದಲಾಗಿದೆ, ಗಡಿಗೆಯ ಒಳಗಿನದೂ ಬದಲಾಗಿದೆ. ಆದುದರಿಂದ ಪಾತ್ರೆಯ ವಿಚಾರಕ್ಕೆ ಬರುವ ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳುವುದು ಅವಶ್ಯ.

ಗತಕಾಲದವರಂತೆ ಕೆಲವು ದಿನ ಬಾಳಿ ನೋಡುವ ಈ ಪ್ರಯೋಗವು ಪರದೇಶಗಳಲ್ಲಿ ಒಂದು ದೊಡ್ಡ ಹವ್ಯಾಸವೇ ಆಗಿದೆ. ಅಮೆರಿಕದ ಬರ್ಕ್‌ಲಿಯಲ್ಲಿ ೧೯೬೬ರಲ್ಲಿ, ಇಂಗ್ಲೆಂಡಿನಲ್ಲಿ ೧೯೬೮ರಲ್ಲಿ ಇಂತಹ ಸಂಘಗಳು ಹುಟ್ಟಿದವು. ಅವರಲ್ಲಿ ನಿಷ್ಠೆಯುಳ್ಳವರು ಡೇರೆ ಹಾಕಿ, ತಾವು ಆರಿಸಿಕೊಂಡ ಶತಮಾನದ ಪಾತ್ರೆಯಲ್ಲಿಯೇ ಬೇಯಿಸಿ ಉಣ್ಣುತ್ತಾರೆ. ಇಂಗ್ಲೆಂಡಿನ ಊಟದ ಮೇಜಿಗೆ ಮುಳ್ಳುಚಮಚವು ಬಂದದ್ದೇ ತೀರ ತಡವಾಗಿ, ಹದಿನೇಳನೆಯ ಶತಮಾನದಿಂದೀಚೆಗೆ. ಅದಕ್ಕೂ ಹಿಂದಿನ ಕಾಲವನ್ನು ಆರಿಸಿಕೊಂಡವನು ಅದನ್ನು ಬಿಡಬೇಕಾಗುತ್ತದೆ. ನಮಗೆ ಆ ತೊಂದರೆಯಿಲ್ಲ. ನಮ್ಮ ಐದು ಬೆರಳು ಯಾವ ಶತಮಾನಕ್ಕೂ ಸಲ್ಲುತ್ತವೆ. ಅವರಿಂದ ನಾವು ಕಲಿಯತಕ್ಕದ್ದು ಒಂದೇ ನಿಯಮ: ಆ ಕಾಲದಲ್ಲಿ ಇತ್ತೆಂಬುದಕ್ಕೆ ಸಾಕ್ಷಿಯಿಲ್ಲದ ವಸ್ತುವನ್ನು ಬಿಡಾರದೊಳಗೆ ತರಬಾರದು.

ಈ ನಿಯಮವನ್ನು ಹನ್ನೆರಡನೆಯ ಶತಮಾನಕ್ಕೆ ಅನ್ವಯಿಸಿ ನೋಡಿರಿ. ಬಸವಾದಿ ಶರಣರ ಕಾಲದಂತೆ ಉಣ್ಣುತ್ತೇವೆ ಎನ್ನುವವರು ಮೊದಲು ಕೈಬಿಡಬೇಕಾದದ್ದು ಯಾವುದೆಂದರೆ ನಮ್ಮ ಸೀಮೆಯ ಹೆಮ್ಮೆಯಾದ ಬ್ಯಾಡಗಿ ಮೆಣಸಿನಕಾಯಿ! ೨೦೧೧ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕೆಂಪು ಕಾಯಿಯ ಮೂಲಬೀಜವು ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗಿನಲ್ಲಿ ಹದಿನಾರನೆಯ ಶತಮಾನದಲ್ಲಿ ನಮ್ಮ ನಾಡಿಗೆ ಬಂದದ್ದು. ಅದಕ್ಕೆ ಮೊದಲು ಮೆಣಸು ಎಂದರೆ ಬಳ್ಳಿಯಲ್ಲಿ ಬಿಡುವ ಕರಿಯ ಕಾಳು. ಹೊಸ ಖಾರವು ಕಾಯಿಯ ರೂಪದಲ್ಲಿ ಬಂದಾಗ ಕನ್ನಡಿಗರು ಹಳೆಯ ಹೆಸರಿಗೆ ಕಾಯಿಯನ್ನು ಜೋಡಿಸಿ ಮೆಣಸಿನಕಾಯಿ ಎಂದರು. ಶೇಂಗಾ, ಆಲೂಗಡ್ಡೆ, ಟೊಮೆಟೊ ಹಾಗೂ ಇಂದು ಹಾವೇರಿ ಜಿಲ್ಲೆಯ ಹೊಲಗಳನ್ನೆಲ್ಲ ತುಂಬಿರುವ ಗೋವಿನಜೋಳ, ಇವೆಲ್ಲವೂ ಅದೇ ಖಂಡದಿಂದ ಬಂದ ಅತಿಥಿಗಳು. ಶರಣರ ಊಟವೆಂದು ಹೇಳಿ ಶೇಂಗಾ ಹಿಂಡಿಯನ್ನು ಬಡಿಸುವುದು ಸಲ್ಲದು. ಅಗಸಿ ಹಿಂಡಿಯೂ ಗುರೆಳ್ಳು ಹಿಂಡಿಯೂ ಸಲ್ಲುತ್ತವೆ; ಖಾರಕ್ಕೆ ಕರಿಮೆಣಸು, ಹಿಪ್ಪಲಿ, ಶುಂಠಿ ಇವೆ. ಬದನೆಕಾಯಿ ನಮ್ಮದೇ. ಜೋಳದ ವಿಷಯದಲ್ಲಂತೂ ಸಂದೇಹವೇ ಬೇಡ. ಉಂಡ ಜೋಳದ ಋಣಕ್ಕಾಗಿ ಒಡೆಯನ ಪರವಾಗಿ ಪ್ರಾಣ ಕೊಡುವ ವೀರರ ನಿಷ್ಠೆಗೆ ಹಳಗನ್ನಡದಲ್ಲಿ ಜೋಳವಾಳಿ ಎಂಬ ಶಬ್ದವೇ ಇದೆ.

ಆ ಕಾಲದ ಅಡುಗೆಯನ್ನು ಕುರಿತು ಗ್ರಂಥಗಳಿಲ್ಲವೆ ಎಂದರೆ ಇವೆ. ಕ್ರಿ. ಶ. ೧೦೨೫ರ ಸುಮಾರಿನ ಚಾವುಂಡರಾಯನ ಲೋಕೋಪಕಾರದಲ್ಲಿ ಸೂಪಶಾಸ್ತ್ರದ ಭಾಗವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೧೩೦ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಪ್ರಕರಣವೇ ಇದೆ. ಹದಿನಾರನೆಯ ಶತಮಾನದ ಆರಂಭದ ಮಂಗರಸನ ಸೂಪಶಾಸ್ತ್ರವಿದೆ. ೧೭೦೯ರಲ್ಲಿ ಕೆಳದಿಯ ಬಸಪ್ಪನಾಯಕನು ಬರೆದ ಶಿವತತ್ತ್ವರತ್ನಾಕರದಲ್ಲಿಯೂ ಪಾಕದ ವಿಚಾರ ಬಂದಿದೆ. ಆದರೆ ಇವುಗಳಲ್ಲಿ ಹೆಚ್ಚಿನವು ಅರಮನೆಯ ಪಾಕಶಾಲೆಯಿಂದ ಹೊರಟ ಮಾತುಗಳು. ಅರಸನ ಬೋನವನ್ನು ಓದಿಕೊಂಡು ಒಕ್ಕಲಿಗನ ಬಂಡಿಯನ್ನು ತುಂಬಲಾಗದು. ಹಂಪಿಯಲ್ಲಿ ನೀರಿನ ಕಾಲುವೆಯ ಎರಡೂ ಬದಿಗೆ ಕಲ್ಲಿನಲ್ಲಿಯೇ ಕೊರೆದಿಟ್ಟ ಊಟದ ತಟ್ಟೆಗಳ ಸಾಲನ್ನು ತಾವು ನೋಡಿರಬಹುದು. ಪಲ್ಯ, ಸಾರುಗಳಿಗೆ ಅದರಲ್ಲಿ ಬೇರೆ ಬೇರೆ ಕುಳಿಗಳಿವೆ. ಅದು ವಿಜಯನಗರದ ಸಾಲುಪಂಕ್ತಿಗೆ ಒಳ್ಳೆಯ ಸಾಕ್ಷಿ. ಆದರೆ ಕಲ್ಲಿನ ತಟ್ಟೆಯನ್ನು ಬಂಡಿಯ ಮೇಲೆ ಹೇರಿಕೊಂಡು ಹೋಗುವವರಾರು?

ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುವುದಾದರೆ, ಜಾತ್ರೆಯ ಮೂರು ನಾಲ್ಕು ದಿನಗಳ ಬಿಡಾರಕ್ಕೆ ಹನ್ನೆರಡನೆಯ ಶತಮಾನವನ್ನು ಆರಿಸಿಕೊಳ್ಳುವುದು ಬೇಡ. ಅಜ್ಜ ಮುತ್ತಜ್ಜಂದಿರ ಕಾಲ, ಎಂದರೆ ೧೯೪೦-೫೦ರ ದಶಕ ಸಾಕು. ಅದಕ್ಕೆ ಬಹುದೊಡ್ಡ ಕಾರಣವೆಂದರೆ ಆ ಕಾಲದ ಸಾಕ್ಷಿಗಳು ಇನ್ನೂ ನಮ್ಮ ಮನೆಗಳಲ್ಲಿ ಉಸಿರಾಡುತ್ತಿದ್ದಾರೆ. ಎಂಬತ್ತೈದು, ತೊಂಬತ್ತು ವಯಸ್ಸಿನ ತಾಯಂದಿರು ಎಳೆಯ ವಯಸ್ಸಿನಲ್ಲಿ ಆ ಬಂಡಿಯಲ್ಲಿ ಕುಳಿತು ಹೋದವರು. ಗಡಿಗೆಯ ಬಾಯಿಗೆ ಯಾವ ಬಟ್ಟೆ ಕಟ್ಟುತ್ತಿದ್ದರು, ಉಪ್ಪನ್ನು ಯಾವುದರಲ್ಲಿ ಒಯ್ಯುತ್ತಿದ್ದರು, ಹಿಟ್ಟು ನಾದಲು ಏನಿತ್ತು ಎಂಬುದನ್ನು ಯಾವ ಗ್ರಂಥವೂ ಹೇಳದು, ಅವರು ಹೇಳುತ್ತಾರೆ. ಕೇಳುವವರು ಬೇಗ ಕೇಳಬೇಕು. ಇನ್ನು ಶರಣರ ಕಾಲವನ್ನೇ ಕಾಣಬೇಕೆಂಬ ಹಂಬಲವಿದ್ದರೆ ಅದಕ್ಕೆ ಒಂದೇ ಒಂದು ಹೊತ್ತಿನ ಊಟವನ್ನು ಮೀಸಲಿಡಿರಿ. ನಮ್ಮ ತಾಲ್ಲೂಕಿನ ಚೌಡದಾನಪುರಕ್ಕೆ ಹೋಗಿರಿ. ಅಂಬಿಗರ ಚೌಡಯ್ಯನವರ ಹೆಸರನ್ನು ಹೊತ್ತಿರುವ, ಮುಕ್ತೇಶ್ವರ ದೇವಾಲಯವಿರುವ ಆ ನದೀತೀರದಲ್ಲಿ ಮಣ್ಣಿನ ಗಡಿಗೆಯಲ್ಲಿ ಜೋಳದ ನುಚ್ಚು ಬೇಯಿಸಿ, ಮಜ್ಜಿಗೆ, ಅಗಸಿ ಹಿಂಡಿ, ಬೆಲ್ಲದೊಡನೆ ಎಲೆಯ ಮೇಲೆ ಉಂಡು ಬನ್ನಿರಿ. ಆ ಊಟಕ್ಕೆ ಬೇಕಾದದ್ದು ಒಂದು ಗಡಿಗೆ, ಒಂದು ಮರದ ಹುಟ್ಟು ಮತ್ತು ಎಲೆ. ಇವಿಷ್ಟೂ ಆ ಕಾಲಕ್ಕೆ ನಿಸ್ಸಂದೇಹವಾಗಿ ಸಲ್ಲುತ್ತವೆ. ಪಾತ್ರೆಗಳು ಹೆಚ್ಚಿದಷ್ಟೂ ತಪ್ಪುಗಳು ಹೆಚ್ಚುತ್ತವೆ.

ಅಜ್ಜನ ಕಾಲವೆಂದು ಗೊತ್ತುಮಾಡಿಕೊಂಡ ಮೇಲೆ ಕೆಲವು ವಸ್ತುಗಳು ತಾವಾಗಿಯೇ ಹಿಂದೆ ಸರಿಯುತ್ತವೆ. ತುಕ್ಕು ಹಿಡಿಯದ ಉಕ್ಕನ್ನು ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ೧೯೧೩ರಲ್ಲಿ ಕಂಡುಹಿಡಿದರಾದರೂ ಅದು ಸ್ಟೀಲ್ ಪಾತ್ರೆಯಾಗಿ ನಮ್ಮ ಹಳ್ಳಿಗಳ ಅಡುಗೆಮನೆಯನ್ನು ತುಂಬಿದ್ದು ಸ್ವಾತಂತ್ರ್ಯ ಬಂದ ಅನೇಕ ವರ್ಷಗಳ ನಂತರ. ಆದುದರಿಂದ ಸ್ಟೀಲ್ ಬೇಡ. ಆದರೆ ಅಲ್ಯೂಮಿನಿಯಂ ಕಂಡೊಡನೆ ಮೂಗು ಮುರಿಯುವವರು ಸ್ವಲ್ಪ ತಾಳಬೇಕು. ಮದರಾಸಿನ ಕಲಾಶಾಲೆಯಲ್ಲಿ ಆಲ್‌ಫ್ರೆಡ್ ಚಾಟರ್‌ಟನ್ ಎಂಬವರು ೧೮೯೮ರಲ್ಲಿಯೇ ಅಲ್ಯೂಮಿನಿಯಂ ಪಾತ್ರೆಗಳನ್ನು ಮಾಡಿಸತೊಡಗಿದ್ದರು. ಅಜ್ಜನ ಬಂಡಿಯಲ್ಲಿ ಒಂದು ಸೊಟ್ಟ ಅಲ್ಯೂಮಿನಿಯಂ ಬೋಗುಣಿ ಇದ್ದಿದ್ದರೆ ಅದು ಇತಿಹಾಸಕ್ಕೆ ವಿರೋಧವಲ್ಲ. ಇತಿಹಾಸಕ್ಕೆ ನಿಜವಾಗಿ ವಿರೋಧವಾದದ್ದು ನೋಡಲು ಹಳೆಯದಾಗಿ ಕಾಣುವ ಹೊಸ ವಸ್ತು. ಯಂತ್ರದಲ್ಲಿ ಒತ್ತಿದ ಅಡಕೆ ಹಾಳೆಯ ತಟ್ಟೆ ಅಂಥದ್ದು. ಮಲೆನಾಡಿನವರು ಹಾಳೆಯನ್ನು ಬಹುಕಾಲದಿಂದ ಬಳಸಿದ್ದಾರೆ, ನಿಜ. ಆದರೆ ಹೀಗೆ ಅಂಚು ಮಡಿಚಿ ಅಚ್ಚಿನಲ್ಲಿ ಒತ್ತಿದ ದುಂಡು ತಟ್ಟೆ ಈಚಿನದು. ಮಣ್ಣಿನ ಕುಕ್ಕರಿನ ವಿಷಯವನ್ನು ಹೇಳುವುದೇ ಬೇಡ. ಸೀಟಿ ಹಾಕುವ ಗಡಿಗೆಯನ್ನು ನಮ್ಮ ಯಾವ ಅಜ್ಜಿಯೂ ಕಂಡಿರಲಿಲ್ಲ.

ಹಾಗಾದರೆ ಬಂಡಿಯಲ್ಲಿ ಏನಿರಬೇಕು? ಎಂಟು ಹತ್ತು ಜನರ ಒಂದು ಬಂಡಿಗೆ ಮಣ್ಣಿನ ಗಡಿಗೆ ಎರಡು ಸಾಕು. ಒಂದು ನುಚ್ಚಿಗೆ ಅಥವಾ ಅಂಬಲಿಗೆ, ಇನ್ನೊಂದು ಕಾಳು ಪಲ್ಯಕ್ಕೆ. ಮೂರನೆಯದೊಂದು ಇದ್ದರೆ ಒಡೆದುಹೋದಾಗ ಬರುತ್ತದೆ. ಗಡಿಗೆಯನ್ನು ಕೊಳ್ಳುವಾಗ ಕುಂಬಾರರ ಮನೆಗೇ ಹೋಗುವುದು ಉತ್ತಮ. ತಟ್ಟಿ ನೋಡಿದರೆ ಖಣಖಣ ಎನ್ನಬೇಕು. ಮೊದ್ದು ಸದ್ದು ಬಂದರೆ ಎಲ್ಲಿಯೋ ಸೀಳಿದೆ, ಇಲ್ಲವೆ ಸರಿಯಾಗಿ ಸುಟ್ಟಿಲ್ಲವೆಂದು ತಿಳಿಯಬೇಕು. ಪೇಟೆಯ ಅಲಂಕಾರದ ಅಂಗಡಿಗಳಲ್ಲಿ ದೊರೆಯುವ, ಬಣ್ಣ ಬಳಿದ, ಫಳಫಳ ಹೊಳೆಯುವ ಮಡಕೆಗಳು ಅಡುಗೆಗೆ ಸರ್ವಥಾ ಬೇಡ. ಕೆಲವು ಬಣ್ಣ, ಮೆರುಗುಗಳಲ್ಲಿ ಸೀಸವಿರುತ್ತದೆ. ಹುಳಿ ತಗುಲಿದರೆ ಅದು ಅನ್ನಕ್ಕೆ ಇಳಿಯುತ್ತದೆ. ಹೊಸ ಗಡಿಗೆಯನ್ನು ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಅಕ್ಕಿ ತೊಳೆದ ನೀರನ್ನೋ ಗಂಜಿಯನ್ನೋ ಸಣ್ಣ ಉರಿಯಲ್ಲಿ ಕುದಿಸಿ ಚೆಲ್ಲಬೇಕು. ಗಂಜಿಯ ಪಿಷ್ಟವು ಮಣ್ಣಿನ ಸೂಕ್ಷ್ಮ ರಂಧ್ರಗಳನ್ನು ತುಂಬಿದ ಮೇಲೆ ಗಡಿಗೆಯು ಒಸರುವುದು ಕಡಿಮೆಯಾಗುತ್ತದೆ. ಒಲೆಯ ಮೇಲಿರುವಾಗ ತಣ್ಣೀರು ಹಾಕಕೂಡದು. ಮೇಲೆ ಸೇರಿಸುವ ನೀರು ಬಿಸಿಯಾಗಿಯೇ ಇರಬೇಕು. ಇಳಿಸಿದ ಗಡಿಗೆಯನ್ನು ತಂಪಾದ ಕಲ್ಲಿನ ಮೇಲಿಡದೆ ಹುಲ್ಲಿನ ಸಿಂಬೆಯ ಮೇಲಿಡಬೇಕು. ತೊಳೆಯಲು ಬೂದಿ ಸಾಕು, ಸಾಬೂನು ಬೇಡ. ಮಣ್ಣು ಅದನ್ನು ಹೀರಿಕೊಂಡು ಮರುದಿನದ ನುಚ್ಚಿಗೆ ಕೊಡುತ್ತದೆ.

ರೊಟ್ಟಿಗೆ ಹಂಚು ಒಂದು. ಈ ಶಬ್ದವನ್ನು ಗಮನಿಸಿರಿ. ಮನೆಯ ಮೇಲಿನದೂ ಹಂಚು, ಒಲೆಯ ಮೇಲಿನದೂ ಹಂಚು. ಮೊದಲು ಎರಡೂ ಸುಟ್ಟ ಮಣ್ಣಿನವೇ ಎಂಬುದನ್ನು ಭಾಷೆಯು ತನ್ನಲ್ಲಿ ಉಳಿಸಿಕೊಂಡಿದೆ. ಅಜ್ಜನ ಕಾಲಕ್ಕೆ ಕಬ್ಬಿಣದ ಹಂಚು ಸಲ್ಲುತ್ತದೆ. ಪಯಣದಲ್ಲಿ ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿಡಬೇಕು. ಹಿಟ್ಟು ನಾದಲು ಮರದ ಕೊಣಮಿಗೆ, ತೆಗೆದಿಡಲು ಬಿದಿರಿನ ಬುಟ್ಟಿ, ಬಡಿಸಲು ತೆಂಗಿನ ಚಿಪ್ಪಿಗೆ ಬಿದಿರಿನ ಹಿಡಿ ಸಿಗಿಸಿದ ಸೌಟು. ನಿಜಕ್ಕೂ ಮೊದಲ ಎರಡು ದಿನ ಹಂಚನ್ನು ಇಳಿಸುವ ಅವಶ್ಯಕತೆಯೇ ಬರುವುದಿಲ್ಲ. ಮನೆಯಿಂದ ಬಡಿದು ಒಯ್ದ ಕಟಕ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ನಮ್ಮ ಹಿರಿಯರ ಪಯಣದ ಅಡುಗೆಯ ರಹಸ್ಯವೇ ಇದು: ಅವರು ಬಹುಪಾಲು ಅಡುಗೆಯನ್ನು ಮನೆಯಲ್ಲಿಯೇ ಮುಗಿಸಿಕೊಂಡು ಹೊರಡುತ್ತಿದ್ದರು. ಹೊಲದಲ್ಲಿ ಹತ್ತು ಬಗೆ ಬೇಯಿಸುವ ಹುರುಪು ಇಂದಿನದು.

ಈಗ ಲೋಹದ ಮಾತು. ಇಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಹೇಳಬೇಕಾಗಿದೆ. ತಾಮ್ರ, ಹಿತ್ತಾಳೆಯ ಪಾತ್ರೆಗಳಲ್ಲಿ ಕಲಾಯಿ ಇಲ್ಲದೆ ಅಡುಗೆ ಮಾಡಕೂಡದು. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಹಳ್ಳಿಯ ಬದುಕನ್ನು ತೋರಿಸುವ ಹಬ್ಬವೊಂದು ನಡೆಯಿತು. ಅಟ್ಟದ ಮೇಲಿಂದ ಇಳಿಸಿದ ಹಿತ್ತಾಳೆಯ ಪಾತ್ರೆಯನ್ನು ಹುಣಸೆಹಣ್ಣಿನಿಂದ ಹೊರಗೆಲ್ಲ ತಿಕ್ಕಿ ಬಂಗಾರದಂತೆ ಹೊಳೆಯಿಸಿದ್ದರು. ಒಳಗಿನ ಕಲಾಯಿ ಎಂದೋ ಸವೆದುಹೋಗಿದ್ದನ್ನು ಯಾರೂ ನೋಡಲಿಲ್ಲ. ಅದರಲ್ಲಿ ಪುಂಡಿಪಲ್ಯ ಮಾಡಿದರು. ಪುಂಡಿಯಷ್ಟು ಹುಳಿಯಾದ ಸೊಪ್ಪು ನಮ್ಮಲ್ಲಿ ಇನ್ನೊಂದಿಲ್ಲ. ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನದವರೆಗೆ ಅದರಲ್ಲಿಯೇ ಉಳಿಯಿತು. ಉಂಡ ಮಕ್ಕಳಲ್ಲಿ ಹಲವರಿಗೆ ಸಂಜೆಯೊಳಗೆ ಹೊಟ್ಟೆ ತೊಳಸಿ ವಾಂತಿಯಾಯಿತು. ದೇವರ ದಯೆಯಿಂದ ಎಲ್ಲರೂ ಚೇತರಿಸಿಕೊಂಡರು. ಹುಳಿಯು ತಾಮ್ರವನ್ನು ಕರಗಿಸುತ್ತದೆ. ನಮ್ಮ ತಾಯಂದಿರು ಕಿಲುಬು ಎನ್ನುವುದು ಇದನ್ನೇ. ಹಿತ್ತಾಳೆಯು ತಾಮ್ರ ಮತ್ತು ಸತುವಿನ ಮಿಶ್ರಣವಾದುದರಿಂದ ಅದಕ್ಕೂ ಇದೇ ಗುಣ.

ನಾನು ಬಾಲ್ಯದಲ್ಲಿ ಓದಿದ ಮಠದಲ್ಲಿ ವರ್ಷಕ್ಕೊಮ್ಮೆಯಾದರೂ ಕಲಾಯಿಯವರು ಬಂದು ಅಂಗಳದಲ್ಲಿ ಕುಳಿತುಕೊಳ್ಳುತ್ತಿದ್ದರು. ನೆಲದಲ್ಲಿ ಕುಳಿ ತೋಡಿ ತಿದಿಯೊತ್ತಿ, ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಎರಚುತ್ತಿದ್ದರು. ಬಿಳಿಯ ಹೊಗೆ ಏಳುತ್ತಿತ್ತು. ತವರದ ಕಡ್ಡಿಯನ್ನು ಮುಟ್ಟಿಸಿ, ಅರಳೆಯಿಂದ ಒಂದೇ ಬೀಸಿಗೆ ಒರೆಸಿದರೆ ಕೆಂಪು ಕೊಪ್ಪರಿಗೆಯ ಒಳಮೈ ಬೆಳ್ಳಿಯಾಗುತ್ತಿತ್ತು. ಆ ಕಸುಬು ಬಲ್ಲವರು ಇಂದು ವಿರಳ, ಆದರೆ ಇದ್ದಾರೆ. ಅವರ ಬಳಿ ಹೋದಾಗ ಶುದ್ಧ ತವರವನ್ನೇ ಹಾಕಲು ಕೇಳಿಕೊಳ್ಳಬೇಕು. ಲಾಭಕ್ಕಾಗಿ ಸೀಸ ಬೆರೆಸುವುದುಂಟು. ಶುದ್ಧ ತವರದ ಕಡ್ಡಿಯನ್ನು ಬಗ್ಗಿಸಿದರೆ ಕರಕರ ಸದ್ದು ಬರುತ್ತದೆ. ಸೀಸ ಹೆಚ್ಚಾಗಿರುವ ಕಡ್ಡಿಯನ್ನು ಬಿಳಿಯ ಕಾಗದದ ಮೇಲೆ ಎಳೆದರೆ ಕಪ್ಪು ಗೆರೆ ಮೂಡುತ್ತದೆ. ತವರವು ೨೩೨ ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿಯೇ ಕರಗುವುದರಿಂದ ಕಲಾಯಿಯ ಪಾತ್ರೆಯನ್ನು ಬರಿದಾಗಿ ಉರಿಯ ಮೇಲಿಡಬಾರದು, ಅದರಲ್ಲಿ ಹುರಿಯಬಾರದು, ಲೋಹದ ಸೌಟಿನಿಂದ ಕೆರೆಯಬಾರದು. ಇಷ್ಟೆಲ್ಲ ನೇಮ ನಡೆಸಲಾರೆವು ಎನ್ನುವವರು ತಾಮ್ರದ ಕೊಡವೊಂದನ್ನು ನೀರಿಗೆ, ತಂಬಿಗೆಯೊಂದನ್ನು ಮೊಗೆಯಲಿಕ್ಕೆ ಇಟ್ಟುಕೊಂಡು ಅಡುಗೆಯನ್ನು ಮಣ್ಣಿಗೆ ಒಪ್ಪಿಸಿಬಿಡುವುದೇ ಕ್ಷೇಮ.

ಉಣ್ಣುವ ಪಾತ್ರೆಗಳಲ್ಲಿ ನಮ್ಮ ಸೀಮೆಯ ಅಭಿಮಾನದ ವಸ್ತುವೆಂದರೆ ಕಂಚಿನ ಗಂಗಾಳ. ತಾಮ್ರ ಮತ್ತು ತವರವನ್ನು ಸುಮಾರು ನಾಲ್ಕಕ್ಕೆ ಒಂದರಂತೆ ಕೂಡಿಸಿ ಮಾಡುವ ಈ ಗಟ್ಟಿ ಕಂಚು ಬೆರಳಿನಿಂದ ಮಿಡಿದರೆ ಗಂಟೆಯಂತೆ ಬಹಳ ಹೊತ್ತು ಅನುರಣಿಸುತ್ತದೆ. ಹಿತ್ತಾಳೆಗೆ ಈ ನಾದವಿಲ್ಲ. ಅಂಗಡಿಯಲ್ಲಿ ಕಂಚೆಂದು ಹೇಳಿ ಹಿತ್ತಾಳೆ ಕೊಡುವವರಿದ್ದರೆ ಕಿವಿಯೇ ತೀರ್ಪು ಹೇಳುತ್ತದೆ. ಆದರೆ ಕಂಚು ಬಿದ್ದರೆ ಬಾಗುವುದಿಲ್ಲ, ಒಡೆಯುತ್ತದೆ. ತೆಳುವಾದ ಗಂಗಾಳವನ್ನು ಒಲೆಯ ಮೇಲಿಟ್ಟರೂ ಬಿರಿಯುತ್ತದೆ. ಅದು ಉಣ್ಣಲಿಕ್ಕೆ, ಬೇಯಿಸಲಿಕ್ಕಲ್ಲ. ಗಂಗಾಳದ ಎತ್ತರವಾದ ಅಂಚಿಗೂ ನಮ್ಮ ಆಚಾರಕ್ಕೂ ಸಂಬಂಧವಿದೆ. ಪ್ರಸಾದವನ್ನು ಕಣವೂ ಉಳಿಯದಂತೆ ಸ್ವೀಕರಿಸಿ, ಕೊನೆಗೆ ನೀರು ಹಾಕಿ ತೊಳೆದು ಆ ನೀರನ್ನೂ ಸೇವಿಸುವ ಪದ್ಧತಿ ನಮ್ಮ ಮಠಮನೆಗಳಲ್ಲಿ ಇತ್ತು, ಕೆಲವೆಡೆ ಇಂದಿಗೂ ಇದೆ. ಅಂಚಿಲ್ಲದ ಚಪ್ಪಟೆ ತಟ್ಟೆಯಲ್ಲಿ ಅದು ಸಾಧ್ಯವಾಗದು. ಗಂಗಾಳವನ್ನು ನೆಲಕ್ಕೆ ತಾಗಿಸದೆ ಇಡುವ ಮೂರು ಕಾಲಿನ ಅಡ್ಡಣಿಗೆಯೂ ಅದರ ಜೊತೆಯದೇ. ನೀರು ವಿರಳವಾದ ಹೊಲದ ಬಿಡಾರದಲ್ಲಿ ಒಂದು ತಂಬಿಗೆ ನೀರಿನಲ್ಲಿ ಊಟವೂ ಪಾತ್ರೆಯ ಶುದ್ಧಿಯೂ ಮುಗಿಯುವ ಈ ಕ್ರಮ ಎಷ್ಟು ಅನುಕೂಲವೆಂಬುದನ್ನು ಮಾಡಿ ನೋಡಿದವರು ಬಲ್ಲರು.

ಒಂದು ವಿಷಯವನ್ನು ಮನೆಯ ಯಜಮಾನಿಯರಲ್ಲಿ ವಿಶೇಷವಾಗಿ ಬಿನ್ನವಿಸುತ್ತೇನೆ. ಅಟ್ಟದ ಮೇಲಿನ ಗಂಗಾಳ, ಚರಿಗೆಗಳನ್ನು ತೂಕಕ್ಕೆ ಹಾಕುವ ಮುನ್ನ ಅದರ ಅಂಚನ್ನೂ ತಳವನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿರಿ. ಕೊಟ್ಟವರ ಹೆಸರು, ಪಡೆದವರ ಹೆಸರು, ಊರು, ಎಷ್ಟೋ ಸಲ ಇಸವಿಯನ್ನೂ ಚುಕ್ಕಿಚುಕ್ಕಿಯಾಗಿ ಕೆತ್ತಿಸುತ್ತಿದ್ದರು. ಕಲ್ಲಿನ ಮೇಲಿನ ಶಾಸನವನ್ನು ಓದಲು ದೂರದಿಂದ ವಿದ್ವಾಂಸರು ಬರುತ್ತಾರೆ. ತವರಿನಿಂದ ಬಂದ ತಂಬಿಗೆಯ ಮೇಲಿನ ಶಾಸನವನ್ನು ಓದುವವರು ಮನೆಯವರೇ. ಯಾವ ಆಕಾರದ ಪಾತ್ರೆ ಯಾವ ದಶಕದ್ದೆಂದು ತಿಳಿಯಲು ಇದಕ್ಕಿಂತ ಗಟ್ಟಿಯಾದ ಆಧಾರವಿಲ್ಲ. ಹಳೆಯ ಕಂಚು ಕೊಟ್ಟು ಹೊಳೆಯುವ ಸ್ಟೀಲ್ ಡಬ್ಬಿ ತಂದ ಮನೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಅದೇ ಮನೆಯ ಮೊಮ್ಮಕ್ಕಳು ಇಂದು ಪೇಟೆಗೆ ಹೋಗಿ, ನೂರು ವರ್ಷ ಹಳೆಯದಾಗಿ ಕಾಣುವಂತೆ ಕಪ್ಪು ಬಳಿದ ಹೊಸ ಪಾತ್ರೆಯನ್ನು ದುಬಾರಿ ಬೆಲೆಗೆ ತರುತ್ತಿದ್ದಾರೆ. ರಾಮನಗರದಲ್ಲಿ ಎಚ್. ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಇಂತಹ ಗೃಹೋಪಯೋಗಿ ವಸ್ತುಗಳ ದೊಡ್ಡ ಸಂಗ್ರಹವಿದೆ. ಹತ್ತಿರದಲ್ಲಿಯೇ ನೋಡಬೇಕೆಂದರೆ ಶಿಗ್ಗಾವಿ ಬಳಿಯ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಕಲ್ಪನೆಯ ಶಿಲ್ಪವನದಲ್ಲಿ ನಮ್ಮ ಹಳ್ಳಿಯ ಬದುಕನ್ನು ಆಳೆತ್ತರದ ಮೂರ್ತಿಗಳಲ್ಲಿ ತೋರಿಸಿದೆ. ಆದರೆ ಮೊದಲು ನೋಡಬೇಕಾದ ಸಂಗ್ರಹಾಲಯ ನಮ್ಮ ನಮ್ಮ ಅಟ್ಟ.

ಹತ್ತು ಜನಕ್ಕೂ ಗಂಗಾಳ ಹೊಂದಿಸಲಾಗದವರಿಗೆ ಮುತ್ತುಗದ ಎಲೆಯ ಪತ್ರಾವಳಿಯಿದೆ. ಇದು ಅಜ್ಜನ ಕಾಲಕ್ಕೂ ಸಲ್ಲುತ್ತದೆ, ಬಹು ಹಿಂದಿನ ಕಾಲಕ್ಕೂ ಸಲ್ಲುತ್ತದೆ. ಆದರೆ ಜಾತ್ರೆಯ ಹೊತ್ತಿಗೆ ಮುತ್ತುಗದ ಗಿಡದಲ್ಲಿ ಎಲೆಯಿರುವುದಿಲ್ಲ, ಬೆಂಕಿಯಂತಹ ಹೂವಿರುತ್ತದೆ! ಮಾಘ ಫಾಲ್ಗುಣಗಳಲ್ಲಿ ಅದು ಎಲೆ ಉದುರಿಸಿ ಹೂಬಿಡುವ ಗಿಡ. ಆದ್ದರಿಂದ ಹಿರಿಯರು ಮಳೆಗಾಲ ಮುಗಿಯುತ್ತಲೇ ಎಲೆ ಕೊಯ್ದು, ಕಡ್ಡಿಯಿಂದ ಹಚ್ಚಿ, ಒತ್ತಿ ಒಣಗಿಸಿ ಕಟ್ಟು ಕಟ್ಟಿಡುತ್ತಿದ್ದರು; ಊಟಕ್ಕೆ ಮುನ್ನ ನೀರು ಚಿಮುಕಿಸಿದರೆ ಮೆತ್ತಗಾಗುತ್ತಿತ್ತು. ಪೇಟೆಯಲ್ಲಿ ಕೊಳ್ಳುವಾಗ ತಿರುವಿ ನೋಡಿರಿ: ಎಲೆಯ ಕೆಳಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿದವು ಬರುತ್ತಿವೆ. ಪ್ಲಾಸ್ಟಿಕ್ಕಿನ ತಟ್ಟೆ ಲೋಟಗಳನ್ನಂತೂ ೨೦೨೨ರ ಜುಲೈ ೧ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ. ಜಾತ್ರೆಯ ಮರುದಿನದ ಹೊಲಗಳನ್ನು ನೋಡಿದರೆ ಆ ಆಜ್ಞೆ ಇನ್ನೂ ಹೊಲದ ಬದುವಿನವರೆಗೆ ಬಂದು ತಲುಪಿಲ್ಲವೆನಿಸುತ್ತದೆ.

ಎಷ್ಟು ಕಡಿಮೆ ಪಾತ್ರೆಯಲ್ಲಿ ಮನುಷ್ಯನು ಸಂಚರಿಸಬಲ್ಲನೆಂಬುದಕ್ಕೆ ಮೈಲಾರದ ಜಾತ್ರೆಯಲ್ಲಿಯೇ ಜೀವಂತ ನಿದರ್ಶನವಿದೆ. ಕರಿಯ ಕಂಬಳಿ ಹೊದ್ದು ಡಮರುಗ ಹಿಡಿದು ಬರುವ ಗೊರವಯ್ಯಗಳ ಕೈಯಲ್ಲಿ ದೋಣಿಯೆಂಬ ಒಂದೇ ಒಂದು ಪಾತ್ರೆ ಇರುತ್ತದೆ. ಭಿಕ್ಷೆಗೂ ಅದೇ, ಉಣ್ಣಲಿಕ್ಕೂ ಅದೇ. ದೋಣಿ ಸೇವೆಯ ದಿನ ಭಕ್ತರು ಹಾಲು, ಬಾಳೆಹಣ್ಣು, ಬೆಲ್ಲವನ್ನು ದೋಣಿಗೆ ನೀಡುತ್ತಾರೆ. ಗತಕಾಲದ ಪಾತ್ರೆಯನ್ನು ಹುಡುಕಿಕೊಂಡು ಹೋಗುವ ನಮ್ಮ ತರುಣರು ಛಾಯಾಚಿತ್ರ ತೆಗೆದುಕೊಳ್ಳುವ ಅವಸರದಲ್ಲಿ ಅದನ್ನು ಮರೆಯದೆ, ಆ ಗೊರವರ ಬಳಿ ಎರಡು ಗಳಿಗೆ ಕುಳಿತು ಮಾತಾಡಿಸಿದರೆ ಒಳಿತು.

ಬೆಂಕಿ ಮತ್ತು ನೀರಿನ ಬಗೆಗೆ ಎರಡು ಮಾತು ಅವಶ್ಯ. ಆ ದಿನಗಳಲ್ಲಿ ಗಾಳಿ ಹೆಚ್ಚು, ಸುತ್ತಲೂ ಒಣಗಿದ ಕಣಿಕೆ, ಹೊಟ್ಟು, ಬಂಡಿಯ ಮೇಲೆ ಚಾಪೆಯ ಕೊಲ್ಲಾರಿ. ಒಲೆಯನ್ನು ನೆಲದ ಮೇಲೆ ಹೂಡದೆ ಮೊಣಕೈ ಆಳದ ಕುಳಿ ತೋಡಿ ಅದರಲ್ಲಿ ಹೂಡಬೇಕು; ಬಂಡಿಗೂ ಒಲೆಗೂ ನಡುವೆ ಇಪ್ಪತ್ತು ಹೆಜ್ಜೆಯಾದರೂ ಇರಬೇಕು. ಉರುವಲಿಗೆ ಕುಳ್ಳು, ಜಾಲಿ ಒಳ್ಳೆಯವು. (ಬಳ್ಳಾರಿ ಜಾಲಿಯೂ ಅಮೆರಿಕದಿಂದಲೇ ಬಂದದ್ದು, ಉರಿದುಹೋಗುವ ವಸ್ತುವಾದುದರಿಂದ ಅದಕ್ಕೆ ವಿನಾಯಿತಿ ಕೊಡೋಣ.) ಹತ್ತಿಕಟ್ಟಿಗೆ ಮಾತ್ರ ಬೇಡ. ಅಜ್ಜನ ಕಾಲದಲ್ಲಿ ಅದು ನಿರ್ದೋಷಿಯಾಗಿತ್ತು. ಈಗ ಅದರ ಮೈಯೆಲ್ಲ ಕೀಟನಾಶಕ ಸಿಂಪಡಿಸಿರುತ್ತದೆ. ಇನ್ನು ನೀರು. ಹಿರಿಯರು ಹೊಳೆಯ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿದರೆಂದು ನಾವೂ ಹಾಗೆಯೇ ಮಾಡುವಂತಿಲ್ಲ. ಲಕ್ಷಾಂತರ ಜನ ಕೂಡುವ ಕಡೆ ಕುದಿಸಿದ ನೀರನ್ನೇ ಕುಡಿಯಬೇಕು, ಅಥವಾ ಶುದ್ಧ ನೀರಿನ ಕ್ಯಾನೊಂದನ್ನು ಕಂಬಳಿಯಲ್ಲಿ ಸುತ್ತಿ ಬಂಡಿಯ ಮೂಲೆಯಲ್ಲಿಡಬೇಕು. ಕುಡಿಯುವ ನೀರು, ಔಷಧಿ ಮತ್ತು ಮಕ್ಕಳ ವಿಷಯದಲ್ಲಿ ಇತಿಹಾಸದ ಹಟ ಸಲ್ಲದು.

ಹೊರಡುವ ತಯಾರಿ ಜಾತ್ರೆಯ ವಾರದಲ್ಲಿ ಆಗುವಂಥದ್ದಲ್ಲ. ಎಲೆಯನ್ನು ಕಾರ್ತಿಕದಲ್ಲಿಯೇ ಹಚ್ಚಿಡಬೇಕು. ಕುಂಬಾರರಿಗೆ ಗಡಿಗೆಯ ಮಾತು ಹೇಳುವುದೂ, ಕಲಾಯಿಯವರನ್ನು ಹುಡುಕುವುದೂ ಸಂಕ್ರಾಂತಿಗೆ ಮೊದಲೇ ಆಗಬೇಕು. ರೊಟ್ಟಿಯನ್ನು ಎಂಟು ದಿನ ಮುಂಚೆ ಬಡಿದರೆ ಸಾಕು. ಬಂಡಿ ತುಂಬುವ ದಿನ ಹಂಚು, ಕೊಡ ಮೊದಲಾದ ಭಾರದ ವಸ್ತುಗಳನ್ನು ಕೆಳಗೆ ಅಚ್ಚಿನ ಮೇಲೆ ಬರುವಂತೆ ಇಟ್ಟು, ಗಂಗಾಳಗಳ ನಡುನಡುವೆ ಬಟ್ಟೆ ಮಡಿಸಿಟ್ಟು, ರೊಟ್ಟಿಯ ಬುಟ್ಟಿಯನ್ನು ಎಲ್ಲಕ್ಕಿಂತ ಮೇಲೆ ಕೊಲ್ಲಾರಿಗೆ ತೂಗುಹಾಕಬೇಕು. ಗಡಿಗೆಗಳನ್ನು ಎತ್ತುಗಳ ಮೇವಿನ ಹುಲ್ಲಿನೊಳಗೆ ಹುದುಗಿಸುವುದು ಹಳೆಯ ರೂಢಿ. ಹೋಗುವಾಗ ಹುಲ್ಲು ಗಡಿಗೆಯನ್ನು ಕಾಯುತ್ತದೆ. ಬರುವಷ್ಟರಲ್ಲಿ ಎತ್ತುಗಳು ಹುಲ್ಲನ್ನು ಮುಗಿಸಿರುತ್ತವೆ, ಮೂರರಲ್ಲಿ ಒಂದು ಗಡಿಗೆಯೂ ಹೇಗಾದರೂ ಒಡೆದಿರುತ್ತದೆ.